ಕಾವಲಿನ ಹುಲ್ಲು, ದನದ ಬಾಯಿ

ಬಯಲುಸೀಮೆಯ ಹುಲ್ಲುಗಾವಲು ಬೋಳಾಯಿತೆಂದರೆ ಬೈಸಿಕೊಳ್ಳುವುದು ದನ. ‘ಅತಿಯಾಗಿ ಮೇಯಿಸಿದ್ದರಿಂದ’ ಎಂಬ ಮಾತು ವರದಿಗಳಲ್ಲಿ ಅಚ್ಚೊತ್ತಿದಂತೆ ಬರುತ್ತದೆ. ಇನ್ನೊಂದು ತುದಿಯಲ್ಲಿ ಜಿಂಬಾಬ್ವೆಯ ಆಲನ್ ಸೇವರಿಯವರ ವಾದವಿದೆ. ದೊಡ್ಡ ಹಿಂಡನ್ನು ಒತ್ತಾಗಿ ನಿಲ್ಲಿಸಿ, ಬೇಗಬೇಗ ಜಾಗ ಬದಲಿಸುತ್ತ ಮೇಯಿಸಿದರೆ ಬರಡು ನೆಲವೂ ಚೇತರಿಸಿಕೊಳ್ಳುತ್ತದೆ ಎಂದು ಅವರು 2013ರ ಟೆಡ್ ಭಾಷಣದಲ್ಲಿ ಹೇಳಿದ್ದು ಜಗತ್ತಿನೆಲ್ಲೆಡೆ ಹರಿದಾಡಿತು. ಒಂದು ಪಕ್ಷಕ್ಕೆ ದನ ಖಳ, ಇನ್ನೊಂದಕ್ಕೆ ವೈದ್ಯ. ಇಬ್ಬರ ಕಣ್ಣೂ ದನದ ಮೇಲಿದೆ, ಹುಲ್ಲಿನ ಮೇಲಿಲ್ಲ. ಇದನ್ನು ತೂಗಿ ನೋಡಲು ನಮ್ಮ ಅಮೃತಮಹಲ್ ಕಾವಲುಗಳಿಗಿಂತ, ಅಂದರೆ ಮೈಸೂರು ದೊರೆಗಳ ದನಗಳಿಗೆ ಮೀಸಲಾಗಿದ್ದ ಹುಲ್ಲುಗಾವಲುಗಳಿಗಿಂತ, ಒಳ್ಳೆಯ ಜಾಗ ಬೇಕಿಲ್ಲ.

ಚಿಕ್ಕದೇವರಾಜ ಒಡೆಯರ ‘ಬೆಣ್ಣೆ ಚಾವಡಿ’ಯಾಗಿ ಶುರುವಾದ ಈ ವ್ಯವಸ್ಥೆಯನ್ನು ಹೈದರಾಲಿ ಬೆಳೆಸಿದ, ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟ. ಫಿರಂಗಿ ಎಳೆಯುವ ಎತ್ತು ಬೇಕಿತ್ತು, ಅದಕ್ಕೆ ಹುಲ್ಲು ಬೇಕಿತ್ತು. ಕಾವಲುಗಳನ್ನು ಮಳೆಗಾಲದವು, ಚಳಿಗಾಲದವು, ಬೇಸಿಗೆಯವು ಎಂದು ವಿಂಗಡಿಸಿದರು. ನೀರು, ನೆರಳು ಇದ್ದವು ಬೇಸಿಗೆಗೆ ಮೀಸಲು. ಹಿಂಡು ಒಂದರಿಂದ ಇನ್ನೊಂದಕ್ಕೆ ನಡೆದು ಹೋಗುತ್ತಿತ್ತು.

ಈ ವಿಂಗಡಣೆಯ ಬೆಲೆ ತಿಳಿಯಬೇಕಾದರೆ ಹುಲ್ಲಿನ ಬುಡಕ್ಕೆ ಬಗ್ಗಬೇಕು. ನಮ್ಮ ಒಣನಾಡಿನ ಒಳ್ಳೆಯ ಮೇವಿನ ಹುಲ್ಲುಗಳು, ಅಂದರೆ ಸಸ್ಯಶಾಸ್ತ್ರಜ್ಞರು ಸೇಹಿಮ, ಡೈಕ್ಯಾಂಥಿಯಂ ಎನ್ನುವವು, ವರ್ಷಗಟ್ಟಲೆ ಬಾಳುತ್ತವೆ. ಮುಂಗಾರಿನಲ್ಲಿ ಮೊದಲ ಚಿಗುರು ಬರುವುದು ಬುಡದಲ್ಲೂ ಬೇರಿನಲ್ಲೂ ಕೂಡಿಟ್ಟ ಸತ್ವದಿಂದ. ಅದನ್ನು ಕಚ್ಚಿದರೆ ಬುಡ ಮತ್ತೆ ಕೈಹಾಕುವುದು ಅದೇ ಗಂಟಿಗೆ. ತೆನೆ ಹೊರುವ ದಂಟು ಮೇಲೇಳುವಾಗ ಬೆಳೆಯುವ ತುದಿ ದನದ ಬಾಯಿಯ ಎತ್ತರಕ್ಕೆ ಬರುತ್ತದೆ. ಆಗ ಕಚ್ಚಿಸಿಕೊಂಡ ದಂಟು ಮುಗಿಯಿತು, ಬುಡದಿಂದ ಹೊಸದು ಹುಟ್ಟಬೇಕು. ಬೀಜ ಉದುರಿ, ಸಂಕ್ರಾಂತಿ ಕಳೆದ ಮೇಲೆ ನಿಂತಿರುವುದು ಬರೀ ಒಣಕಡ್ಡಿ. ಅದನ್ನು ಮೇದರೆ ಹುಲ್ಲಿಗೆ ನಷ್ಟ ಕಡಿಮೆ. ಅದೇ ದನ, ಅದೇ ಬಾಯಿ. ಆರಿದ್ರಾ ಮಳೆಯಲ್ಲಿ ಕೊಲ್ಲುವುದನ್ನು ಮಾಘದಲ್ಲಿ ಅದು ಕೊಲ್ಲುವುದಿಲ್ಲ.

ವರ್ಷ ವರ್ಷವೂ ಚಿಗುರಿಗೇ ಬಾಯಿ ಬಿದ್ದರೆ ಹುಲ್ಲಿನ ಜಾತಿಯೇ ಬದಲಾಗುತ್ತದೆ. ರುಚಿಯಾದ ಸೇಹಿಮ ಹಿಂದೆ ಸರಿದು ಹೆಟಿರೊಪೊಗಾನ್ ಮುಂದೆ ಬರುತ್ತದೆ: ಪಂಚೆಗೆ, ಕುರಿಯ ಉಣ್ಣೆಗೆ ಚುಚ್ಚಿಕೊಳ್ಳುವ ಈಟಿಬೀಜದ ಹುಲ್ಲು. ಅದರ ಬೀಜವೊಂದನ್ನು ಅಂಗೈಯಲ್ಲಿಟ್ಟು ಹನಿ ನೀರು ಹಾಕಿ ನೋಡಿ. ಹುರಿಗೊಂಡ ಕಂದು ಬಾಲ ತಾನಾಗಿ ತಿರುಗಿ ಬಿಚ್ಚಿಕೊಳ್ಳುತ್ತದೆ, ಒಣಗಿದಾಗ ಮತ್ತೆ ಸುತ್ತಿಕೊಳ್ಳುತ್ತದೆ. ಹೀಗೆ ತಿರುಗುತ್ತಲೇ ಮಣ್ಣಿಗೆ ಇಳಿಯುತ್ತದೆ. ಈ ಹುಲ್ಲನ್ನೂ ಎಳೆಯದಾಗಿದ್ದಾಗಲೇ ಬಿಡದೆ ಮೇಯಿಸಿದರೆ ಕೊನೆಗೆ ಉಳಿಯುವುದು ಪೊರಕೆ ಕಟ್ಟುವ ಹಂಚಿಕಡ್ಡಿಯ ಬಳಗ. ಜೊತೆಗೆ ಬಳ್ಳಾರಿ ಜಾಲಿ. ಅದರ ಎಲೆಯನ್ನು ದನ ಮುಟ್ಟದು, ಸಿಹಿಯಾದ ಕಾಯಿಯನ್ನು ಬಿಡದು. ಬೀಜ ಸಗಣಿಯಲ್ಲಿ ಗೊಬ್ಬರದ ಸಮೇತ ಊರೆಲ್ಲ ಬಿತ್ತನೆಯಾಗುತ್ತದೆ.

ಸೇವರಿ ವಾದ ಸೋಲುವುದು ಇಲ್ಲೇ. ಒತ್ತಾದ ಗೊರಸು ಎಲ್ಲ ನೆಲಕ್ಕೂ ಮದ್ದಲ್ಲ. ಅಮೆರಿಕದ ಮಹಾಬಯಲಿನ ಗಿಡ್ಡ ಹುಲ್ಲುಗಳು ಕಾಡೆಮ್ಮೆಗಳ ಹಿಂಡಿನ ಜೊತೆ ಸಾವಿರಾರು ವರ್ಷ ಬೆಳೆದವು, ಮೇಯಿಸಿದರೆ ತಾಳಿಕೊಳ್ಳುತ್ತವೆ. ರಾಕಿ ಬೆಟ್ಟಗಳ ಪಶ್ಚಿಮಕ್ಕೆ ಅಂಥ ಹಿಂಡುಗಳು ವಿರಳ. ಅಲ್ಲಿನ ಗುಚ್ಛಹುಲ್ಲುಗಳ ಮೇಲೆ ಹತ್ತೊಂಬತ್ತನೇ ಶತಮಾನದಲ್ಲಿ ದನ ನುಗ್ಗಿಸಿದಾಗ ಅವು ಸೋತವು, ಹೊರಗಿನಿಂದ ಬಂದ ಚೀಟ್‌ಗ್ರಾಸ್ ಎಂಬ ಕಳೆ ಜಾಗ ಹಿಡಿಯಿತು. ಹುಲ್ಲುಗಾವಲು ವಿಜ್ಞಾನಿ ಬ್ರಿಸ್ಕ್ ಮತ್ತು ಸಂಗಡಿಗರು 2008ರಲ್ಲಿ ಹಿಂದಿನ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿ, ಸರದಿ ಮೇಯಿಸುವಿಕೆಯಿಂದ ಹೇಳಿಕೊಳ್ಳುವಂಥ ಹೆಚ್ಚುವರಿ ಲಾಭ ಕಾಣುವುದಿಲ್ಲ ಎಂದರು. ನೆಲದ ಮೇಲೆ ಎಷ್ಟು ದನ, ಎಷ್ಟು ಮಳೆ ಎಂಬುದೇ ಮುಖ್ಯ.

ಹಾಗಾದರೆ ಈ ಮಾತು ನಮ್ಮ ಕಾವಲಿಗೂ ತಗಲುವುದಿಲ್ಲವೇ? ತಗಲುತ್ತದೆ. ಬೇಲಿಯೊಳಗೆ ವಾರಕ್ಕೊಮ್ಮೆ ಜಾಗ ಬದಲಿಸುವುದೂ ಬೇಸಿಗೆ ಕಾವಲಿಗೆ ಇಡೀ ಮಳೆಗಾಲ ಬಿಡುವು ಕೊಡುವುದೂ ಒಂದೇ ಅಲ್ಲ, ನಿಜ. ಆದರೆ ಮಳೆಗಾಲದ ಕಾವಲಿಗೆ ಆ ಬಿಡುವೂ ಇರಲಿಲ್ಲ. ಚಿಗುರುವ ಹೊತ್ತಿಗೇ ಹಿಂಡು ಅಲ್ಲಿರುತ್ತಿತ್ತು. ಅದನ್ನು ಕಾಪಾಡಿದ್ದು ವಿಸ್ತಾರ ಮತ್ತು ಪರರ ದನವನ್ನು ಹೊರಗಿಡುತ್ತಿದ್ದ ದೊರೆಯ ಅಧಿಕಾರ. ಈ ವ್ಯವಸ್ಥೆಯನ್ನು ‘ಪೂರ್ವಿಕರ ಪರಿಸರಜ್ಞಾನ’ ಎಂದು ಹೊಗಳುವವರು ಪಕ್ಕದೂರಿನ ಬಡ ರೈತನ ಹಸು ಎಲ್ಲಿ ಮೇಯುತ್ತಿತ್ತು ಎಂದೂ ಕೇಳಬೇಕು.

ಒಂದು ಕಾಲಕ್ಕೆ 4 ಲಕ್ಷ ಎಕರೆ ಇದ್ದ ಕಾವಲಿನಲ್ಲಿ ಈಗ ಉಳಿದಿರುವುದು ಸಣ್ಣ ಪಾಲು. ಸಾಗುವಳಿ ನುಂಗಿತು, ನೀಲಗಿರಿ ನೆಡುತೋಪು ನುಂಗಿತು. 2007ರ ಈಚೆಗೆ ಚಳ್ಳಕೆರೆ ತಾಲ್ಲೂಕಿನ ಕುದಾಪುರ, ಉಳ್ಳಾರ್ತಿ ಸುತ್ತಿನ ಸುಮಾರು 10,000 ಎಕರೆ ಡಿಆರ್‌ಡಿಒ, ಇಸ್ರೋ ಮೊದಲಾದ ಸಂಸ್ಥೆಗಳಿಗೆ ಹೋಗಿ ಗೋಡೆಗಳೆದ್ದವು. ದನ, ಕುರಿ ಉಳಿದ ತುಂಡುನೆಲದಲ್ಲಿ ಹನ್ನೆರಡು ತಿಂಗಳೂ ಮೇಯಬೇಕಾದಾಗ ಸೇಹಿಮ ಉಳಿಯುವುದು ಹೇಗೆ? ಕುರಿಗಾಹಿಗೆ ‘ಕಡಿಮೆ ಮೇಯಿಸು’ ಎನ್ನುವ ಮೊದಲು, ಆರಿದ್ರಾದಿಂದ ಸ್ವಾತಿಯವರೆಗೆ ಅವನ ಹಿಂಡು ಬೇರೆಲ್ಲಿ ನಿಲ್ಲಬೇಕೆಂದು ಹೇಳಬೇಕಾದವರು ಆ ನೆಲ ಹಂಚಿದವರು. ಕಡೂರಿನ ಬಾಸೂರು ಕಾವಲನ್ನು ತೋಳ, ಕೃಷ್ಣಮೃಗಗಳಿಗಾಗಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದು ಒಳ್ಳೆಯದೇ. ಆದರೆ ಅಲ್ಲಿಯೂ ಹುಲ್ಲಿನ ತಿಂಗಳುಗಳ ಲೆಕ್ಕವಿಲ್ಲದೆ ಬರೀ ಗಡಿ ಕಾದರೆ, ಗಡಿಯೊಳಗೆ ಬಳ್ಳಾರಿ ಜಾಲಿಯೂ ಅಷ್ಟೇ ಸುರಕ್ಷಿತ.