ರಸಶಾಲೆಯ ಗ್ರಂಥವೂ ಜಾವರದ ಕುಲುಮೆಯೂ

ಆಚಾರ್ಯ ಪ್ರಫುಲ್ಲಚಂದ್ರ ರಾಯರು ಇಂಗ್ಲಿಷಿನಲ್ಲಿ ರಚಿಸಿದ 'ಹಿಂದೂ ರಸಾಯನಶಾಸ್ತ್ರದ ಇತಿಹಾಸ'ದ ಎರಡು ಸಂಪುಟಗಳು 1902 ಮತ್ತು 1909ರಲ್ಲಿ ಹೊರಬಂದವು. ಇತಿಹಾಸದ ತರಗತಿಗಳಲ್ಲಿ ಈ ಗ್ರಂಥವನ್ನು ಉದಾಹರಿಸುವವರು ಅನೇಕರು; ಅದರ ತೀರ್ಮಾನಗಳನ್ನು ಒರೆಗೆ ಹಚ್ಚಿದವರು ವಿರಳ.

ರಾಯರು ಮೊದಲು ಪ್ರಯೋಗಶಾಲೆಯವರು, ಆಮೇಲೆ ಇತಿಹಾಸಕಾರರು. 1896ರಲ್ಲಿ ಮರ್ಕ್ಯುರಸ್ ನೈಟ್ರೈಟನ್ನು ಕುರಿತು ಬರೆದ ಕೈಯೇ ಮುಂದೆ 'ರಸರತ್ನಸಮುಚ್ಚಯ'ದ ಪುಟಗಳನ್ನು ತಿರುವಿತು. ಆ ಗ್ರಂಥದಲ್ಲಿ ರಸಕವೆಂಬ ಅದಿರಿನಿಂದ ಸತುವನ್ನು ತೆಗೆಯುವ ವಿಧಿಯೊಂದಿದೆ. ಅದಿರನ್ನು ಅರಿಸಿನ, ಅಳಲೆಕಾಯಿ, ರಾಳ, ಲವಣಗಳು, ಮಸಿ, ಬಿಳಿಗಾರ, ಗೇರುಬೀಜ ಇವುಗಳೊಡನೆ ಹುಳಿರಸದಲ್ಲಿ ಅರೆದು, ಬದನೆಕಾಯಿಯಾಕಾರದ ಮೂಸೆಯ ಒಳಮೈಗೆ ಬಳಿದು, ಒಣಗಿಸಿ ಕಾಯಿಸಬೇಕು. ಜ್ವಾಲೆಯು ನೀಲಿಯಿಂದ ಬಿಳುಪಿಗೆ ತಿರುಗಿದಾಗ ಮೂಸೆಯನ್ನು ಬೋರಲು ಹಿಡಿದು, ತವರದಂತೆ ಹೊಳೆಯುವ ಸತ್ತ್ವವನ್ನು ಸಂಗ್ರಹಿಸಬೇಕು. ಕೇವಲ ಶಬ್ದಾರ್ಥ ಬಲ್ಲವನಿಗೆ ಇದು ಗಂದಿಗೆಯಂಗಡಿಯ ಪಟ್ಟಿ. ರಸಾಯನಜ್ಞನ ಕಣ್ಣಿಗೆ ಹಾಗಲ್ಲ. ಸಸ್ಯವಸ್ತುಗಳು ಕರಿದು ಇದ್ದಲಾಗಿ ಅದಿರಿನ ಆಮ್ಲಜನಕವನ್ನು ಸೆಳೆದುಕೊಳ್ಳುತ್ತವೆ. ನೀಲಿ ಜ್ವಾಲೆ ಇಂಗಾಲದ ಮಾನಾಕ್ಸೈಡಿನದು, ಬಿಳುಪು ಸತುವಿನ ಆವಿ ಉರಿಯತೊಡಗಿದುದರ ಗುರುತು. ಇಂತಹ ಓದು ರಾಯರ ಹಿರಿಮೆ.

ನಮ್ಮ ಭಿನ್ನಾಭಿಪ್ರಾಯವಿರುವುದು ವಿಜ್ಞಾನದ ಅವನತಿಯನ್ನು ಕುರಿತ ಅವರ ವಾದದಲ್ಲಿ. ಜಾತಿಪದ್ಧತಿಯು ವಿದ್ವಾಂಸರನ್ನು ಕಸುಬಿನಿಂದ ದೂರಮಾಡಿತು. ಕಸುಬು ಕೆಳವರ್ಗದವರ ಕೈಯಲ್ಲಿ ಉಳಿದರೂ 'ಹೇಗೆ, ಏಕೆ' ಎಂಬ ವಿಚಾರ ಅಳಿಯಿತು ಎಂಬುದು ಅದರ ಸಾರ. ಪೂರ್ವಾರ್ಧವನ್ನು ನಾವು ಒಪ್ಪುತ್ತೇವೆ. ಉತ್ತರಾರ್ಧಕ್ಕೆ ರಾಯರಲ್ಲಿದ್ದ ಆಧಾರ ಗ್ರಂಥಗಳ ಮೌನವೊಂದೇ.

ಮಣ್ಣು ಬೇರೆಯೇ ಸಾಕ್ಷ್ಯ ನುಡಿದಿದೆ. ರಾಜಸ್ಥಾನದ ಉದಯಪುರದ ದಕ್ಷಿಣಕ್ಕಿರುವ ಜಾವರದಲ್ಲಿ 1983ರ ಉತ್ಖನನದಿಂದ ಸತುವಿನ ಕುಲುಮೆಗಳು ಬೆಳಕಿಗೆ ಬಂದವು. ಒಂದೊಂದು ಕುಲುಮೆಯಲ್ಲಿ 36 ಬದನೆಯಾಕಾರದ ಮೂಸೆಗಳನ್ನು ಬೋರಲಾಗಿ ಜೋಡಿಸುತ್ತಿದ್ದರು. ಸತು 907 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ; ಅದಿರು ಲೋಹವಾಗಲು ಅದಕ್ಕಿಂತ ಹೆಚ್ಚಿನ ಕಾವು ಬೇಕು. ಆದುದರಿಂದ ಲೋಹವು ಆವಿಯಾಗಿಯೇ ಹುಟ್ಟುತ್ತದೆ, ಗಾಳಿ ತಾಕಿದೊಡನೆ ಭಸ್ಮವಾಗುತ್ತದೆ. ಮೇಲೆ ಉರಿ, ಕೆಳಗೆ ತಂಪು, ನಡುವೆ ರಂಧ್ರಗಳ ಹಲಗೆ: ಆವಿ ಕೆಳಗಿಳಿದು ಗಟ್ಟಿಯಾಗಲು ಮಾಡಿದ ಏರ್ಪಾಡಿದು. 'ಏಕೆ' ಎಂದು ಎಂದೂ ಕೇಳದ ಕೈಗಳು ಇದನ್ನು ಕಟ್ಟಿದವೆಂದು ನಂಬುವುದು ಕಷ್ಟ. ಈ ಉದ್ಯಮ ನಡೆದದ್ದು ರಾಯರು ಅವನತಿಯ ಕಾಲವೆಂದು ಎಣಿಸಿದ ಶತಮಾನಗಳಲ್ಲೇ. 1944ರಲ್ಲಿ ತೀರಿಕೊಂಡ ಅವರಿಗೆ ಈ ಸಾಕ್ಷ್ಯ ದೊರೆಯಲಿಲ್ಲ; ದೊರೆತಿರುವ ನಾವೂ ಹಳೆಯ ವಾಕ್ಯವನ್ನೇ ವಿದ್ಯಾರ್ಥಿಗಳಿಂದ ಬರೆಯಿಸುವುದು ಸಲ್ಲದು.

ಇದರಿಂದ ಉಬ್ಬಿ, ಗ್ರಂಥವನ್ನು ಓದಿಯೇ ಜಾವರದವರು ಕುಲುಮೆ ಕಟ್ಟಿದರೆನ್ನುವುದೂ ದುಡುಕು. ರಾಯರು ರಸಕವನ್ನು ಸತುವಿನ ಕಾರ್ಬೊನೇಟ್ ಅದಿರೆಂದು ಗುರುತಿಸಿದರು. ಜಾವರದವರು ಬಳಸಿದುದು ಗಂಧಕಯುಕ್ತ ಅದಿರು, ಅದನ್ನು ಮೊದಲು ಹುರಿಯಬೇಕು. ಗ್ರಂಥಕಾರನೇ ಯಾವುದೋ ಕುಲುಮೆಯ ಬಳಿ ನಿಂತು ನೋಡಿ ಬರೆದಿರಬಹುದೆಂದು ನಮಗೆ ತೋರುತ್ತದೆ. ಇಂಗಾಲಕ್ಕಾಗಿ ರಾಳ, ಮಸಿಗಳು ಸಾಕಾಗಿದ್ದಲ್ಲಿ ಅರಿಸಿನವೇಕೆ, ಅಳಲೆಕಾಯಿಯೇಕೆ? ಅವುಗಳನ್ನು ಒಂದೊಂದಾಗಿ ಬಿಟ್ಟು ಮಿಶ್ರಣವನ್ನು ಕಾಯಿಸಿ, ಇಳಿದ ಸತುವನ್ನು ತೂಗಿ ನೋಡಬೇಕು. ಆ ಕೆಲಸ ರಸಾಯನ ವಿಭಾಗದ ಮಿತ್ರರದು. ಶ್ಲೋಕಗಳ ಪಾಠಾಂತರಗಳನ್ನು ಒದಗಿಸಲು ನಾವು ಸಿದ್ಧರಿದ್ದೇವೆ.