ಅಡ್ಡಹೆಸರು ಮತ್ತು ‘ವಂಶವೃಕ್ಷ’

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ನಮ್ಮ ಮನೆತನಗಳಲ್ಲಿ ವಂಶಾವಳಿ ಬರೆಸುವ ಉತ್ಸಾಹವುಂಟು. ಅಡ್ಡಹೆಸರಿನ ಮೂಲವನ್ನು ಅರಸುವವರು ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ವನ್ನು (1965) ಮತ್ತೊಮ್ಮೆ ಓದಬೇಕೆಂದು ನಾವು ಭಾವಿಸುತ್ತೇವೆ.

ವಂಶದ ಪಾವಿತ್ರ್ಯವನ್ನೇ ನಂಬಿ ಬಾಳಿದ ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳಿಗೆ, ತಾವು ಆ ವಂಶದ ರಕ್ತದವರೇ ಅಲ್ಲವೆಂಬ ಸತ್ಯ ಇಳಿವಯಸ್ಸಿನಲ್ಲಿ ತಿಳಿಯುತ್ತದೆ. ಅದನ್ನು ಮುಚ್ಚಿಡದೆ ಅವರು ಆಸ್ತಿಯನ್ನು ತ್ಯಜಿಸಿ ಹೊರಡುತ್ತಾರೆ. ಶ್ರೋತ್ರಿಯನೆಂದರೆ ವೇದಾಧ್ಯಯನ ಮಾಡಿದವನು. ಆ ಹೆಸರು ವಿದ್ಯೆಯಿಂದ ಬಂದುದು. ಆದುದರಿಂದ ರಕ್ತಸಂಬಂಧ ಇಲ್ಲವಾದ ಮೇಲೂ ಅವರಿಗೇ ಒಪ್ಪುತ್ತದೆ. ಕುಲಕರ್ಣಿ, ಪಾಟೀಲ, ದೇಸಾಯಿ ಎಂಬ ನಮ್ಮ ಅಡ್ಡಹೆಸರುಗಳೂ ಹುದ್ದೆಯಿಂದ ಬಂದವು. ಬಡಿಗೇರ, ಕುಂಬಾರ ಎಂಬವು ಕಸುಬಿನಿಂದ. ಹೆಸರು ಹೇಳುವುದು ಹಿರಿಯರು ಮಾಡಿದ ಕೆಲಸವನ್ನು.

ಆದರೆ ಕಾದಂಬರಿಯ ಬಗೆಗೆ ನಮ್ಮದೊಂದು ಆಕ್ಷೇಪವಿದೆ. ವಂಶದ ಭಾರವನ್ನು ಹೊತ್ತು ನವೆದು ಸಾಯುವವಳು ವಿಧವೆ ಸೊಸೆ ಕಾತ್ಯಾಯನಿ. ಸತ್ಯ ತಿಳಿದು ಬಿಡುಗಡೆ ಹೊಂದುವವರು ಶ್ರೋತ್ರಿಗಳು. ಈ ತೂಕ ನಮಗೆ ಸಮವೆನಿಸಲಿಲ್ಲ. ಹಾಗೆಂದುಕೊಂಡು, ನಾವೇ ಬರೆದಿಟ್ಟಿದ್ದ ನಮ್ಮ ಮನೆತನದ ವಂಶಾವಳಿಯನ್ನು ತೆಗೆದು ನೋಡಿದೆವು: ಏಳು ತಲೆಮಾರು, ತಾಯಂದಿರ ಹೆಸರು ಒಂದೂ ಇಲ್ಲ. ಈಗ ಬಲ್ಲಷ್ಟನ್ನು ಸೇರಿಸುತ್ತಿದ್ದೇವೆ.