ಪಾಲಿಪ್ ಎಣಿಸುವವರ ಲೆಕ್ಕ

ದೊಡ್ಡ ಕರುಳಿನ ಪಾಲಿಪ್‌ನ ಕಥೆ ಈಗ ವೈದ್ಯರಿಗಷ್ಟೇ ಅಲ್ಲ, ಹೆಲ್ತ್ ಚೆಕಪ್‌ನ ಕರಪತ್ರ ಓದಿದವರಿಗೂ ಬಾಯಿಪಾಠ. ಕರುಳಿನ ಒಳಗೋಡೆಯಲ್ಲಿ ಅಡಿನೋಮ ಎಂಬ ಸಣ್ಣ ಗಂಟು ಏಳುತ್ತದೆ. ವರ್ಷಗಳು ಉರುಳಿದಂತೆ ಕೆಲವು ಗಂಟುಗಳು ಕ್ಯಾನ್ಸರ್ ಆಗುತ್ತವೆ. ಕೊಲೊನೋಸ್ಕೋಪಿಯಲ್ಲಿ, ಅಂದರೆ ಕರುಳಿಗೆ ನಳಿಕೆ ಇಳಿಸಿ ನೋಡುವ ಪರೀಕ್ಷೆಯಲ್ಲಿ, ಕಂಡು ತೆಗೆದುಹಾಕಿದರೆ ಆ ಕ್ಯಾನ್ಸರ್ ತಪ್ಪುತ್ತದೆ. ಹಾಗಾಗಿ ಎಷ್ಟು ಹೆಚ್ಚು ಪಾಲಿಪ್ ಸಿಕ್ಕರೆ ಅಷ್ಟು ಒಳ್ಳೆಯದು. ಮೊದಲ ಮೂರು ಮಾತುಗಳಲ್ಲಿ ನನಗೆ ತಕರಾರಿಲ್ಲ. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಬೇಸಿಲ್ ಮಾರ್ಸನ್ 1970ರ ದಶಕದಲ್ಲಿ ಸೂಕ್ಷ್ಮದರ್ಶಕದಡಿ ಕಂಡು ಹೇಳಿದ್ದನ್ನು ಫಿಯರಾನ್ ಮತ್ತು ವೋಗೆಲ್‌ಸ್ಟೈನ್ 1990ರಲ್ಲಿ ಜೀನ್‌ಗಳ ಮಟ್ಟದಲ್ಲಿ ಜೋಡಿಸಿಟ್ಟರು. ರೋಗಶಾಸ್ತ್ರದಲ್ಲಿ ಇಷ್ಟು ಅಂದವಾದ ವಾದಸರಣಿ ಅಪರೂಪ. ನನ್ನ ಜಗಳ ನಾಲ್ಕನೆಯ ಮಾತಿನ ಜೊತೆ. ಮೂರರಿಂದ ನಾಲ್ಕಕ್ಕೆ ನಾವು ಹಾರಿದ್ದು ಯಾವ ಸಾಕ್ಷ್ಯದ ಮೇಲೆ?

ಎಲ್ಲರೂ ಬೊಟ್ಟು ಮಾಡುವುದು ಸಿಡ್ನಿ ವಿನಾವರ್ ಮತ್ತು ಸಂಗಡಿಗರ 'ನ್ಯಾಷನಲ್ ಪಾಲಿಪ್ ಸ್ಟಡಿ'ಯ ಕಡೆಗೆ. ಅಡಿನೋಮ ತೆಗೆಸಿಕೊಂಡ 1,418 ಮಂದಿಯಲ್ಲಿ ಕರುಳಿನ ಕ್ಯಾನ್ಸರ್ ನಿರೀಕ್ಷೆಗಿಂತ ಶೇ. 76ರಿಂದ 90ರಷ್ಟು ಕಡಿಮೆ ಇತ್ತು ಎಂದು 1993ರ ಕೊನೆಯಲ್ಲಿ ಬಂದ ಪ್ರಬಂಧ ಹೇಳಿತು. ಭಾಷಣಗಳಲ್ಲಿ 90 ಉಳಿಯಿತು, 76 ಉದುರಿತು. ಆ 'ನಿರೀಕ್ಷೆ' ಎಲ್ಲಿಂದ ಬಂತು ಎಂಬ ಪ್ರಶ್ನೆಯೂ ಅದರ ಜೊತೆಗೇ ಉದುರಿತು. ಪಾಲಿಪ್ ತೆಗೆಯದೆ ಬಿಟ್ಟವರ ಗುಂಪು ಆ ಅಧ್ಯಯನದಲ್ಲಿ ಇರಲೇ ಇಲ್ಲ. ಬೇರೆ ಕಾಲದ, ಬೇರೆ ಆಸ್ಪತ್ರೆಗಳ ಎರಡು ರೋಗಿಗುಂಪುಗಳ ಜೊತೆ, ಮತ್ತೆ ಅಮೆರಿಕದ ಸಾಮಾನ್ಯ ಜನರ ಅಂಕಿಗಳ ಜೊತೆ ಹೋಲಿಸಿದ್ದರು. ಚೀಟಿ ಎತ್ತಿ ರೋಗಿಗಳನ್ನು ಎರಡು ಪಾಲು ಮಾಡಿದ್ದು ಬೇರೊಂದು ಪ್ರಶ್ನೆಗೆ: ಮರುಪರೀಕ್ಷೆ ಒಂದು ವರ್ಷಕ್ಕೂ ಮೂರು ವರ್ಷಕ್ಕೂ ಬೇಕೆ, ಮೂರು ವರ್ಷಕ್ಕೆ ಒಂದೇ ಸಲ ಸಾಕೆ? ಒಂದೇ ಸಲ ಸಾಕು ಎಂದು ಉತ್ತರ ಬಂತು. ಆ ಅಧ್ಯಯನದ ಅತಿ ಗಟ್ಟಿಯಾದ ಭಾಗ ಹೇಳಿದ್ದು ಕಡಿಮೆ ನೋಡಿದರೂ ನಡೆಯುತ್ತದೆ ಎಂದು. ಜನಪ್ರಿಯವಾದದ್ದು ಅದರ ಸಡಿಲ ಭಾಗ.

ಕೊಲೊನೋಸ್ಕೋಪಿಯನ್ನೇ ಪರೀಕ್ಷೆಗಿಟ್ಟ ದೊಡ್ಡ ರ‍್ಯಾಂಡಮೈಸ್ಡ್ ಟ್ರಯಲ್‌ನ ಫಲಿತಾಂಶಕ್ಕೆ 2022ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು. ನಾರ್ಡಿಕ್ ಎಂದು ಹೆಸರಾದ ಆ ಅಧ್ಯಯನದ ಲೆಕ್ಕದಲ್ಲಿ ಪೋಲೆಂಡ್, ನಾರ್ವೆ, ಸ್ವೀಡನ್ನಿನ 55ರಿಂದ 64 ವಯಸ್ಸಿನ 84,585 ಜನ. ಮೂವರಲ್ಲಿ ಒಬ್ಬರಿಗೆ ಕೊಲೊನೋಸ್ಕೋಪಿಗೆ ಕರೆ ಹೋಯಿತು, ಉಳಿದವರನ್ನು ಅವರ ಪಾಡಿಗೆ ಬಿಟ್ಟರು. 10 ವರ್ಷದ ಕೊನೆಗೆ ಕರೆ ಹೋದವರಲ್ಲಿ ಕ್ಯಾನ್ಸರ್ ಶೇ. 0.98, ಹೋಗದವರಲ್ಲಿ ಶೇ. 1.20. ಆ ಕ್ಯಾನ್ಸರಿನಿಂದ ಸತ್ತವರು ಶೇ. 0.28 ಮತ್ತು ಶೇ. 0.31, ಇದು ಸಂಖ್ಯಾಶಾಸ್ತ್ರ ಒಪ್ಪುವ ವ್ಯತ್ಯಾಸವಲ್ಲ. ಕೂಡಲೇ ಎರಡು ಬಣಗಳಾದವು. ಕೊಲೊನೋಸ್ಕೋಪಿ ದಂಡ ಎಂದರು ಒಂದು ಕಡೆಯವರು. ಕರೆ ಹೋದವರಲ್ಲಿ ಬಂದವರೇ ಶೇ. 42 ಮಂದಿ, ಇದು ಕರೆಯೋಲೆಯ ಪರೀಕ್ಷೆಯೇ ಹೊರತು ನಳಿಕೆಯದಲ್ಲ ಎಂದರು ಇನ್ನೊಂದು ಕಡೆಯವರು.

ಮೊದಲ ಬಣ ಅವಸರದ್ದು. ಅಡಿನೋಮ ಕ್ಯಾನ್ಸರ್ ಆಗಲು ಹಿಡಿಯುವ ಕಾಲ ನೋಡಿದರೆ 10 ವರ್ಷ ಚಿಕ್ಕ ಅವಧಿ. ಎರಡನೆಯ ಬಣದ ಮಾತು ಅರ್ಧ ನಿಜ. ಬಂದವರನ್ನಷ್ಟೇ ಲೆಕ್ಕ ಹಾಕಿದರೆ ಲಾಭ ದೊಡ್ಡದಾಗಿ ಕಾಣುತ್ತದೆ, ಸರಿ. ಆದರೆ ಭೇದಿಯ ದ್ರಾವಣ ಲೀಟರುಗಟ್ಟಲೆ ಕುಡಿದು, ರಜೆ ಹಾಕಿ ಬರುವವರು ಯಾರು? ತಮ್ಮ ಆರೋಗ್ಯದ ಬಗ್ಗೆ ಮೊದಲೇ ಕಾಳಜಿ ಇರುವವರು. ಅವರನ್ನು ಆರಿಸಿ ತೆಗೆದ ಕ್ಷಣ ಚೀಟಿ ಎತ್ತಿದ ಶ್ರಮವೆಲ್ಲ ನೀರುಪಾಲು. ಅದೂ ಅಲ್ಲದೆ, ಜನ ಬಾರದಿರುವುದು ಆ ಪರೀಕ್ಷೆಯದೇ ಗುಣ. ಅದನ್ನು ಹೊರಗಿಟ್ಟು ಪರೀಕ್ಷೆಯ ಯೋಗ್ಯತೆ ಅಳೆಯಲು ಬರುವುದಿಲ್ಲ.

ಈ ಗದ್ದಲದಲ್ಲಿ ಹೆಚ್ಚು ಮಂದಿ ಗಮನಿಸದ ಸಾಕ್ಷ್ಯ ಸ್ಪೇನಿನದು. ಕೊಲೊನ್‌ಪ್ರೆವ್ ಟ್ರಯಲ್ ಸುಮಾರು 57,000 ಜನರಲ್ಲಿ ಒಂದು ಪಾಲಿಗೆ ಒಂದೇ ಸಲ ಕೊಲೊನೋಸ್ಕೋಪಿ, ಇನ್ನೊಂದು ಪಾಲಿಗೆ ಎರಡು ವರ್ಷಕ್ಕೊಮ್ಮೆ ಮಲದಲ್ಲಿ ರಕ್ತ ಹುಡುಕುವ ಫಿಟ್ ಪರೀಕ್ಷೆ ಎಂದು ಗೊತ್ತುಮಾಡಿತ್ತು. 2012ರಲ್ಲಿ ಮೊದಲ ಸುತ್ತಿನ ವರದಿ ಬಂತು: ಸಿಕ್ಕ ಕ್ಯಾನ್ಸರ್ ಎರಡೂ ಕಡೆ ಸರಿಸುಮಾರು ಸಮ, ಆದರೆ ಮುಂದುವರಿದ ಅಡಿನೋಮ ಕೊಲೊನೋಸ್ಕೋಪಿಯವರಲ್ಲಿ ಶೇ. 1.9, ಫಿಟ್‌ನವರಲ್ಲಿ ಶೇ. 0.9. ಪಾಲಿಪ್ ಎಣಿಸುವವರ ಪ್ರಕಾರ ಪಂದ್ಯ ಅಲ್ಲಿಗೇ ಮುಗಿಯಬೇಕಿತ್ತು. 2025ರಲ್ಲಿ 10 ವರ್ಷದ ಲೆಕ್ಕ ಬಂದಾಗ ಕರುಳಿನ ಕ್ಯಾನ್ಸರಿನ ಸಾವು ಶೇ. 0.22 ಮತ್ತು ಶೇ. 0.24. ಮೊದಲ ಸುತ್ತಿನಲ್ಲಿ ಎರಡು ಪಟ್ಟು ಪಾಲಿಪ್ ಹಿಡಿದದ್ದು ಸಾವಿನ ಪಟ್ಟಿಯಲ್ಲಿ ಎರಡು ಪಟ್ಟಾಗಿ ಕಾಣಲಿಲ್ಲ. ಫಿಟ್ ಮತ್ತೆ ಮತ್ತೆ ಮಾಡುವಂಥದ್ದು, ಜನ ಅದಕ್ಕೆ ಹೆಚ್ಚು ಒಪ್ಪಿದರು ಎಂಬ ವಿವರಣೆ ಇದೆ. ಅದನ್ನು ಒಪ್ಪುತ್ತೇನೆ. ಅದೂ ನನ್ನ ವಾದಕ್ಕೇ ಬಲ: ಫಲಿತಾಂಶವನ್ನು ನಿರ್ಧರಿಸುವುದು ಪಾಲಿಪ್‌ನ ಎಣಿಕೆಯೊಂದೇ ಅಲ್ಲ.

ಎದುರು ವಾದ ಬಲವಾಗಿದೆ, ಮುಚ್ಚಿಡುವುದಿಲ್ಲ. ಬ್ರಿಟನ್ನಿನ ವೆಂಡಿ ಆಟ್ಕಿನ್ 1,70,000 ಜನರ ಮೇಲೆ ನಡೆಸಿದ, ಕರುಳಿನ ಕೊನೆಯ ಭಾಗವನ್ನಷ್ಟೇ ನಳಿಕೆಯಿಂದ ನೋಡುವ ಸಿಗ್ಮಾಯ್ಡೋಸ್ಕೋಪಿಯ ಟ್ರಯಲ್, ಒಂದೇ ಸಲದ ಪರೀಕ್ಷೆಗೆ ಕರೆದರೂ ಕ್ಯಾನ್ಸರ್ ಶೇ. 23 ಇಳಿಯುತ್ತದೆ ಎಂದು 2010ರಲ್ಲಿ ತೋರಿಸಿತು. ಕ್ಯಾಲಿಫೋರ್ನಿಯದ ಕಾರ್ಲಿ ತಂಡ 2014ರಲ್ಲಿ 3,14,872 ಕೊಲೊನೋಸ್ಕೋಪಿಗಳನ್ನು ಜಾಲಾಡಿ, ವೈದ್ಯರ ಅಡಿನೋಮ ಪತ್ತೆದರ ಶೇ. 1 ಏರಿದರೆ ಅವರ ರೋಗಿಗಳಲ್ಲಿ ಮುಂದೆ ಕಾಣುವ ಕ್ಯಾನ್ಸರ್ ಶೇ. 3 ಇಳಿಯುತ್ತದೆ ಎಂದಿತು. ಎರಡೂ ಮೆಚ್ಚತಕ್ಕ ಕೆಲಸ. ಆದರೆ ಕಾರ್ಲಿ ಅಳೆದದ್ದು ವೈದ್ಯರ ಜಾಗರೂಕತೆಯನ್ನು. ಹೆಚ್ಚು ಅಡಿನೋಮ ಕಾಣುವ ವೈದ್ಯ ನಿಧಾನವಾಗಿ, ಮಡಿಕೆ ಮಡಿಕೆ ನೋಡುವವನು. ಆ ಪತ್ತೆದರವನ್ನೇ ಗುರಿಯಾಗಿಸಿ ಯಂತ್ರದಿಂದ ಏರಿಸಿದರೆ ಅದೇ ಲಾಭ ಬರುತ್ತದೆ ಎನ್ನಲು ಆಧಾರವೇನು? ಚೀನಾದ ಚೆಂಗ್ಡುವಿನಲ್ಲಿ ಎಐ ನೆರವಿನಿಂದ ಪತ್ತೆದರ ಶೇ. 20.3ರಿಂದ ಶೇ. 29.1ಕ್ಕೆ ಏರಿತು ಎಂದು 2019ರಲ್ಲಿ ಸಂಭ್ರಮಿಸಿದರು. ಹೆಚ್ಚುವರಿಯಾಗಿ ಸಿಕ್ಕಿದ್ದು ಬಹುತೇಕ 5 ಮಿಲಿಮೀಟರಿಗಿಂತ ಚಿಕ್ಕವು, ಕ್ಯಾನ್ಸರ್ ಆಗುವ ಸಾಧ್ಯತೆ ಅತ್ಯಲ್ಪ ಇರುವವು. ದೊಡ್ಡ ಅಡಿನೋಮಗಳಲ್ಲಿ ಗಣನೀಯ ಏರಿಕೆ ಇರಲಿಲ್ಲ. ಹೊಲದಲ್ಲಿ ಎಷ್ಟು ಬುಟ್ಟಿ ಕಳೆ ಕಿತ್ತೆವು ಎಂದು ಹೇಳಿ ಫಸಲಿನ ಮಾತೇ ಎತ್ತದ ಬಗೆ ಇದು. 2025ರಲ್ಲಿ ಪೋಲೆಂಡಿನಿಂದ ಬಂದ ವರದಿ ಇನ್ನೂ ಕಹಿ: ಎಐ ರೂಢಿಯಾದ ಮೇಲೆ ಅದೇ ವೈದ್ಯರು ಅದಿಲ್ಲದೆ ಮಾಡಿದ ಪರೀಕ್ಷೆಗಳಲ್ಲಿ ಪತ್ತೆದರ ಶೇ. 28.4ರಿಂದ ಶೇ. 22.4ಕ್ಕೆ ಕುಸಿದಿತ್ತು. ಜಾಗರೂಕತೆಯೇ ಹೊರಟುಹೋದರೆ ಉಳಿಯುವುದು ಬರೀ ಸಂಖ್ಯೆ.

ಪಾಲಿಪನ್ನು ಸರೊಗೇಟ್ ಎಂಡ್‌ಪಾಯಿಂಟ್ ಆಗಿ, ಅಂದರೆ ಕ್ಯಾನ್ಸರಿನ ಬದಲಿ ಅಳತೆಯಾಗಿ ನಂಬುವುದರ ಬೆಲೆ ಏನೆಂದು ತಿಳಿಯಬೇಕಾದರೆ ಅಪ್ರೂವ್ ಟ್ರಯಲ್ ಓದಬೇಕು. ಹಿಂದೆ ಅಡಿನೋಮ ಬಂದಿದ್ದ 2,586 ಮಂದಿಯಲ್ಲಿ ಒಂದು ಪಾಲಿಗೆ ವಯಾಕ್ಸ್ ಎಂಬ ನೋವಿನ ಮಾತ್ರೆ, ಇನ್ನೊಂದಕ್ಕೆ ಹುಸಿ ಮಾತ್ರೆ. ಮಾತ್ರೆ ಗೆದ್ದಿತು: ಮೂರು ವರ್ಷದಲ್ಲಿ ಅಡಿನೋಮ ಮರುಕಳಿಸಿದ್ದು ಹುಸಿ ಮಾತ್ರೆಯವರಲ್ಲಿ ಶೇ. 55, ವಯಾಕ್ಸ್‌ನವರಲ್ಲಿ ಶೇ. 41. ಪಾಲಿಪ್ ಮಾತ್ರ ಎಣಿಸುವ ಸಂಶೋಧಕ ಇಲ್ಲಿಗೆ ಪುಸ್ತಕ ಮುಚ್ಚುತ್ತಿದ್ದ. ಆದರೆ ಹೃದಯಾಘಾತ, ಪಾರ್ಶ್ವವಾಯುವಿನಂಥ ಘಟನೆಗಳು ಹುಸಿ ಮಾತ್ರೆಯವರಲ್ಲಿ 26, ವಯಾಕ್ಸ್‌ನವರಲ್ಲಿ 46. 2004ರ ಸೆಪ್ಟೆಂಬರ್ 30ರಂದು ಮರ್ಕ್ ಕಂಪನಿ ಮಾತ್ರೆಯನ್ನು ಜಗತ್ತಿನ ಮಾರುಕಟ್ಟೆಯಿಂದ ಹಿಂದಕ್ಕೆ ತೆಗೆದುಕೊಂಡಿತು. ವಯಾಕ್ಸ್ ಪ್ರಕರಣವನ್ನು ನಾವು ಕಂಪನಿಯ ದುರಾಸೆಯ ಕಥೆಯಾಗಿ ಓದುತ್ತೇವೆ, ಅದು ತಪ್ಪಲ್ಲ. ಆದರೆ ಅಪಾಯ ಬಯಲಾದದ್ದು ಪಾಲಿಪ್ ಟ್ರಯಲ್‌ನಲ್ಲೇ ಎಂಬುದನ್ನು ಮರೆಯುತ್ತೇವೆ. ವಯಾಕ್ಸ್‌ನದೇ ಹಿಂದಿನ ವಿಗರ್ ಅಧ್ಯಯನದಲ್ಲಿ ಹೋಲಿಕೆಗೆ ನ್ಯಾಪ್ರೊಕ್ಸೆನ್ ಎಂಬ ಇನ್ನೊಂದು ನೋವಿನ ಮಾತ್ರೆ ಇತ್ತು. ನ್ಯಾಪ್ರೊಕ್ಸೆನ್ ಹೃದಯ ಕಾಯ್ದಿತು, ವಯಾಕ್ಸ್ ಕೆಡಿಸಲಿಲ್ಲ ಎಂದು ವಾದಿಸಲು ಜಾಗವಿತ್ತು. ಇಲ್ಲಿ ಎದುರಿಗಿದ್ದದ್ದು ಹುಸಿ ಮಾತ್ರೆ, ನೆಪಕ್ಕೆ ಎಡೆಯಿಲ್ಲ. ಪಾಲಿಪ್ ಇಳಿಸಿದ ಮಾತ್ರೆ ಮನುಷ್ಯನಿಗೆ ಕೇಡು ಮಾಡಿತ್ತು. ಮರುವರ್ಷ ಅದೇ ಜಾತಿಯ ಮಾತ್ರೆ ಸೆಲೆಕಾಕ್ಸಿಬ್‌ನದೂ ಇದೇ ಬಗೆಯ ವರದಿ. ಇದರ ತಿರುವುಮುರುವು ತಪ್ಪೂ ನಡೆದಿದೆ: 2000ದಲ್ಲಿ ನಾರು ಹೆಚ್ಚಿಸಿದ ಆಹಾರ ನಾಲ್ಕು ವರ್ಷದಲ್ಲಿ ಅಡಿನೋಮ ತಗ್ಗಿಸಲಿಲ್ಲ ಎಂದದ್ದೇ ತಡ, ನಾರಿನಿಂದ ಪ್ರಯೋಜನವಿಲ್ಲ ಎಂದು ಪತ್ರಿಕೆಗಳು ತೀರ್ಪು ಕೊಟ್ಟವು.

ಮೂಗಿನ ಪಾಲಿಪ್ ಸಂಶೋಧನೆ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿದೆ. ನಮ್ಮಲ್ಲಿ 'ಮೂಗಿನಲ್ಲಿ ಮಾಂಸ ಬೆಳೆದಿದೆ' ಎನ್ನುವ ಈ ತೊಂದರೆ ಉರಿಯೂತದ ಊತ, ಕ್ಯಾನ್ಸರಿನ ಪೂರ್ವಪೀಠಿಕೆ ಅಲ್ಲ (ಒಂದೇ ಹೊಳ್ಳೆಯಲ್ಲಿ ಬೆಳೆದರೆ ಮಾತ್ರ ಸ್ಕ್ಯಾನ್, ಬಯಾಪ್ಸಿ ಬಿಡಬಾರದು). ಇಲ್ಲಿ ರೋಗಿಗೆ ಗೊತ್ತಾಗುತ್ತದೆ: ಮೂಗು ಕಟ್ಟಿದೆ, ಒಗ್ಗರಣೆಯ ವಾಸನೆ ಬಾರದು. ಹಾಗಾಗಿ ಡುಪಿಲುಮ್ಯಾಬ್ ಚುಚ್ಚುಮದ್ದಿನ 2019ರ ಎರಡು ಟ್ರಯಲ್‌ಗಳು ವೈದ್ಯರು ಕೊಡುವ ಎಂಟು ಅಂಕದ ಪಾಲಿಪ್ ಸ್ಕೋರಿನ ಜೊತೆ ರೋಗಿಯ ಉಸಿರು, ವಾಸನೆ, ನಿದ್ದೆಯನ್ನೂ ಕೇಳಿದವು. ಫಲ ನಿಜಕ್ಕೂ ದೊಡ್ಡದು. ಆದರೂ ಶಸ್ತ್ರಚಿಕಿತ್ಸೆಯ ಕಾಲ ಮುಗಿಯಿತು ಎಂಬ ಮಾತನ್ನು ನಾನು ಒಪ್ಪಲಾರೆ. ಆ ಟ್ರಯಲ್‌ಗಳಲ್ಲಿ ಎದುರಾಳಿ ಹುಸಿ ಮದ್ದು, ಸರ್ಜನ್ ಅಲ್ಲ. 24 ವಾರಕ್ಕೆ ಮದ್ದು ನಿಲ್ಲಿಸಿದವರಲ್ಲಿ ಲಾಭ ಕರಗತೊಡಗಿತು. ಆ ಫಲ ಎಲ್ಲ ಕಡೆಯೂ ಹಾಗೇ ಬರುತ್ತದೆ ಎನ್ನಲೂ ಆಗದು: ಪಶ್ಚಿಮದ ರೋಗಿಗಳಲ್ಲಿ ಹೆಚ್ಚಾಗಿ ಕಾಣುವ, ಇಯೊಸಿನೊಫಿಲ್ ಎಂಬ ಬಿಳಿರಕ್ತಕಣಗಳ ಉರಿಯೂತ ಚೀನಾ, ಕೊರಿಯಾದ ಅನೇಕ ರೋಗಿಗಳಲ್ಲಿ ಅಷ್ಟಾಗಿ ಇಲ್ಲ. ಭಾರತದಲ್ಲಿ ಶಿಲೀಂಧ್ರದ ಅಲರ್ಜಿಯಿಂದ ಬರುವ ಪಾಲಿಪ್ ಬೇರೆ ಇದೆ.

ಕರುಳಿಗೆ ಮರಳೋಣ, ನಮ್ಮ ಊರಿಗೂ. ಕೇಂದ್ರ ಸರ್ಕಾರದ ತಪಾಸಣಾ ಕಾರ್ಯಕ್ರಮದಲ್ಲಿ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ಇದೆ, ಕರುಳಿನದಿಲ್ಲ. ಈ ರೋಗದ ಪ್ರಮಾಣ ಯುರೋಪಿಗಿಂತ ಬಹಳ ಕಡಿಮೆ ಇರುವ ದೇಶದಲ್ಲಿ ಅದು ಸರಿಯಾದ ನಿರ್ಧಾರವೇ. ಆದರೆ ಪಶ್ಚಿಮದ ಪಾಲಿಪ್ ಕಥೆಯನ್ನೇ ತಂದು ಬೆಂಗಳೂರಿನ ದುಬಾರಿ ಚೆಕಪ್ ಪ್ಯಾಕೇಜಿಗೆ ಅಂಟಿಸುವ ಉತ್ಸಾಹ ಬೆಳೆಯುತ್ತಿದೆ. ನಮ್ಮ ಸಮಸ್ಯೆ ಬೇರೆ ಕಡೆ ಇದೆ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಎಂದು ಮನೆಯವರೇ ತೀರ್ಮಾನಿಸುತ್ತಾರೆ. ಬಸ್ ನಿಲ್ದಾಣದ ಗೋಡೆಗಳ ತುಂಬ 'ಆಪರೇಷನ್ ಇಲ್ಲದೆ ಗುಣ' ಎಂಬ ಜಾಹೀರಾತು. ಎಂಬಿಬಿಎಸ್ ಓದಿದವರೂ ಎಷ್ಟೋ ಸಲ ಮುಲಾಮು ಬರೆದು ಕಳಿಸುತ್ತಾರೆ. ಗುದನಾಳದ ಕೆಳಭಾಗದ ಗಡ್ಡೆ ಬೆರಳಿಗೇ ಸಿಗುವಂಥದ್ದು, ಆದರೆ ಬೆರಳು ಹಾಕಿ ನೋಡುವವರಿಲ್ಲ. ಮೊದಲ ಸಲ ರಕ್ತ ಕಂಡ ದಿನಕ್ಕೂ ಗುದಪರೀಕ್ಷೆ ಆದ ದಿನಕ್ಕೂ ನಡುವೆ ಎಷ್ಟು ತಿಂಗಳು ಹೋಯಿತು, ಆ ತಿಂಗಳುಗಳಲ್ಲಿ ಯಾರು ಏನು ಕೊಟ್ಟರು ಎಂಬುದು ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲೇ ಮಾಡಬಹುದಾದ ಅಧ್ಯಯನ. ಅನುದಾನ ಹಂಚುವ ಅಧಿಕಾರ ನನಗಿದ್ದರೆ ಪಾಲಿಪ್ ಹುಡುಕುವ ಮುಂದಿನ ಸಾಫ್ಟ್‌ವೇರಿನ ಅರ್ಜಿಯನ್ನು ಪಕ್ಕಕ್ಕಿಟ್ಟು ಮೊದಲು ಇದಕ್ಕೆ ಸಹಿ ಹಾಕುತ್ತಿದ್ದೆ.